ಸೋತ ಪೀಠಕ್ಕೆ ಅವಿರೋಧವಾಗಿ ಬಂದವರು

ರಾಷ್ಟ್ರಪತಿ ಚುನಾವಣೆ ಸಮೀಪಿಸಿದಾಗಲೆಲ್ಲ ನಮ್ಮ ಪತ್ರಿಕೆಗಳಲ್ಲಿ ಒಂದು ಬಗೆಯ ಗಣಿತ ಆರಂಭವಾಗುತ್ತದೆ. ಆಡಳಿತ ಕೂಟದ ಬಳಿ ಎಷ್ಟು ಮತಮೌಲ್ಯವಿದೆ, ಪ್ರತಿಪಕ್ಷಗಳ ಕೂಟಕ್ಕೆ ಎಷ್ಟು ಕೊರತೆ, ಯಾವ ಪ್ರಾದೇಶಿಕ ಪಕ್ಷ ಯಾವ ಕಡೆಗೆ ವಾಲೀತು ಎಂಬ ಲೆಕ್ಕಾಚಾರ ಅದು. 2022ರಲ್ಲಿ ದ್ರೌಪದಿ ಮುರ್ಮು ಮತ್ತು ಯಶವಂತ ಸಿನ್ಹಾ ಅವರ ನಡುವೆ ಸ್ಪರ್ಧೆ ನಡೆದಾಗಲೂ ಹೀಗೆಯೇ ಆಯಿತು. ಅರ್ಥಶಾಸ್ತ್ರ ಓದಿ, ಮೂರು ದಶಕಗಳಿಗೂ ಮಿಕ್ಕ ಸರ್ಕಾರಿ ಸೇವೆಯನ್ನು ಅಂಕಿ ಅಂಶಗಳೊಡನೆ ಕಳೆದ ನನಗೆ ಈ ಗಣಿತ ಬೇಸರ ತರಿಸುವುದಿಲ್ಲ. ಆದರೆ ಅದನ್ನು ಓದುವಾಗಲೆಲ್ಲ ನೀಲಂ ಸಂಜೀವ ರೆಡ್ಡಿಯವರ ನೆನಪಾಗುತ್ತದೆ. ಅವರು ಈ ಗಣಿತದಲ್ಲಿ ಒಮ್ಮೆ ಸೋತರು, ಇನ್ನೊಮ್ಮೆ ಗಣಿತದ ಅಗತ್ಯವೇ ಇಲ್ಲದೆ ಗೆದ್ದರು, ಕೊನೆಗೆ ಅದೇ ಪೀಠದಲ್ಲಿ ಕುಳಿತು ಇತರರ ಬಲವನ್ನು ಎಣಿಸಬೇಕಾಯಿತು.

ನಮ್ಮ ಗಡಿಗೆ ಹೊಂದಿಕೊಂಡಿರುವ ಅನಂತಪುರ ಜಿಲ್ಲೆಯ ಇಲ್ಲೂರಿನಲ್ಲಿ 1913ರ ಮೇ 19ರಂದು ರೈತ ಕುಟುಂಬವೊಂದರಲ್ಲಿ ಜನಿಸಿದ ರೆಡ್ಡಿಯವರು ಗಾಂಧೀಜಿಯವರ ಪ್ರಭಾವದಿಂದ ಕಾಲೇಜು ವಿದ್ಯಾಭ್ಯಾಸವನ್ನು ಅರ್ಧಕ್ಕೇ ಬಿಟ್ಟು ಸ್ವಾತಂತ್ರ್ಯ ಹೋರಾಟಕ್ಕೆ ಧುಮುಕಿದರು. ಸೆರೆವಾಸ ಅನುಭವಿಸಿದರು, ಸಂವಿಧಾನ ಸಭೆಯ ಸದಸ್ಯರಾದರು. 1956ರ ನವೆಂಬರ್ 1ರಂದು ಹೊಸದಾಗಿ ರೂಪುಗೊಂಡ ಆಂಧ್ರ ಪ್ರದೇಶದ ಮೊದಲ ಮುಖ್ಯಮಂತ್ರಿಯಾದರು. 1960ರಲ್ಲಿ ಬೆಂಗಳೂರಿನಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ಅವರದೇ. 1962ರಲ್ಲಿ ಮತ್ತೆ ಮುಖ್ಯಮಂತ್ರಿಯಾದ ಅವರು, ಬಸ್ ಮಾರ್ಗಗಳ ರಾಷ್ಟ್ರೀಕರಣದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪ್ರತಿಕೂಲ ಅಭಿಪ್ರಾಯ ವ್ಯಕ್ತಪಡಿಸಿದ ಕಾರಣಕ್ಕೆ 1964ರಲ್ಲಿ ತಾವಾಗಿಯೇ ಅಧಿಕಾರ ತ್ಯಜಿಸಿದರು. ಬಳಿಕ ಶಾಸ್ತ್ರೀಜಿ ಮತ್ತು ಇಂದಿರಾ ಗಾಂಧಿ ಸಂಪುಟಗಳಲ್ಲಿ ಸಚಿವರಾಗಿದ್ದು, 1967ರಲ್ಲಿ ಹಿಂದೂಪುರದಿಂದ ಗೆದ್ದು ಲೋಕಸಭೆಯ ಸ್ಪೀಕರ್ ಆದರು. ಆ ಪೀಠವೇರಿದೊಡನೆ ಪಕ್ಷದ ಸದಸ್ಯತ್ವಕ್ಕೆ ರಾಜೀನಾಮೆ ನೀಡಿದ ಮೊದಲ ಸ್ಪೀಕರ್ ಅವರು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ಅಧಿಕಾರದಲ್ಲಿರುವಾಗಲೇ ನಿಧನರಾದರು. ಜುಲೈನಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಎಐಸಿಸಿ ಸಭೆ ಸೇರಿತು. ಆಗ ಪಕ್ಷದ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪನವರು. ಪ್ರಧಾನಿ ಇಂದಿರಾ ಗಾಂಧಿಯವರ ಒಲವು ಜಗಜೀವನ ರಾಂ ಅವರ ಕಡೆಗಿತ್ತು. ಸಂಸದೀಯ ಮಂಡಳಿಯ ಬಹುಮತ ಸಂಜೀವ ರೆಡ್ಡಿಯವರನ್ನು ಆರಿಸಿತು. ಬೆಂಗಳೂರಿನಿಂದ ದೆಹಲಿಗೆ ಮರಳಿದ ಪ್ರಧಾನಿಯವರು ಮೊರಾರ್ಜಿ ದೇಸಾಯಿಯವರಿಂದ ಹಣಕಾಸು ಖಾತೆಯನ್ನು ಹಿಂಪಡೆದು, ಜುಲೈ 19ರಂದು 14 ಬ್ಯಾಂಕುಗಳನ್ನು ರಾಷ್ಟ್ರೀಕರಣಗೊಳಿಸಿದರು. ರೆಡ್ಡಿಯವರ ನಾಮಪತ್ರಕ್ಕೆ ಸೂಚಕರಾಗಿ ಸಹಿ ಹಾಕಿದ್ದ ಅವರೇ, ಮತದಾನ ಹತ್ತಿರವಾದಂತೆ ಆತ್ಮಸಾಕ್ಷಿಗೆ ಅನುಗುಣವಾಗಿ ಮತ ನೀಡಬಹುದೆಂಬ ನಿಲುವು ತಳೆದರು. ಸ್ವತಂತ್ರ ಅಭ್ಯರ್ಥಿಯಾಗಿ ಕಣಕ್ಕಿಳಿದ ವಿ.ವಿ. ಗಿರಿ, ಹಿಂದೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. ಕಮ್ಯುನಿಸ್ಟ್ ಪಕ್ಷಗಳು, ಡಿಎಂಕೆ ಹಾಗೂ ಅಕಾಲಿ ದಳ ಅವರ ಹಿಂದೆ ನಿಂತವು. ಜನಸಂಘ ಮತ್ತು ಸ್ವತಂತ್ರ ಪಕ್ಷಗಳು ಸಿ.ಡಿ. ದೇಶಮುಖ್ ಅವರನ್ನು ಬೆಂಬಲಿಸಿದವು. ಆ ಪಕ್ಷಗಳ ಎರಡನೆಯ ಪ್ರಾಶಸ್ತ್ಯದ ಮತ ರೆಡ್ಡಿಯವರಿಗೆ ಸಿಗಲೆಂದು ನಿಜಲಿಂಗಪ್ಪನವರು ಮಾತುಕತೆ ನಡೆಸಿದ್ದೇ ಪ್ರಧಾನಿಯವರ ಬಣಕ್ಕೆ ಆಯುಧವಾಯಿತು.

ಆಗ ನನಗೆ ಒಂಬತ್ತು ವರ್ಷ. ರೇಡಿಯೊ ಮುಂದೆ ಕುಳಿತ ನಮ್ಮ ತಂದೆಯವರಿಗೂ ಚಿಕ್ಕಪ್ಪನಿಗೂ ನಡೆದ ವಾಗ್ವಾದ ಇನ್ನೂ ನೆನಪಿದೆ. ನಿಜಲಿಂಗಪ್ಪನವರ ಅಭಿಮಾನಿಯಾಗಿದ್ದ ತಂದೆಯವರಿಗೆ ಅದು ಪಕ್ಷದ್ರೋಹವಾಗಿ ಕಂಡಿತ್ತು. ಬ್ಯಾಂಕ್ ನೌಕರರಾಗಿದ್ದ ಚಿಕ್ಕಪ್ಪನಿಗೆ ಹೊಸ ಯುಗದ ಆರಂಭವಾಗಿ ತೋರಿತ್ತು. ಅಣ್ಣತಮ್ಮಂದಿರು ಅಂದು ಒಟ್ಟಿಗೆ ಊಟಕ್ಕೆ ಕೂರಲಿಲ್ಲ.

ಆಗಸ್ಟ್ 20ರಂದು ಹೊರಬಿದ್ದ ಫಲಿತಾಂಶವನ್ನು ನಾನು ಸೇವೆಗೆ ಸೇರಿದ ಮೇಲೆ ಕುತೂಹಲದಿಂದ ಪರಿಶೀಲಿಸಿದ್ದೇನೆ. ಗೆಲುವಿಗೆ ಬೇಕಾಗಿದ್ದ ಮತಮೌಲ್ಯ 4,18,169. ಕಣದಲ್ಲಿದ್ದ 15 ಮಂದಿಯ ಪೈಕಿ, ಮೊದಲ ಪ್ರಾಶಸ್ತ್ಯದ ಎಣಿಕೆಯಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖ್ ಅವರಿಗೆ 1,12,769 ದೊರೆತಿತ್ತು. ಯಾರಿಗೂ ನಿಗದಿತ ಸಂಖ್ಯೆ ದಕ್ಕದ ಕಾರಣ, ಹಿಂದೆ ಉಳಿದವರನ್ನು ಒಬ್ಬೊಬ್ಬರಾಗಿ ಕೈಬಿಟ್ಟು ಅವರ ಮತಪತ್ರಗಳಲ್ಲಿನ ಮುಂದಿನ ಪ್ರಾಶಸ್ತ್ಯಗಳನ್ನು ಎಣಿಸಲಾಯಿತು. ಅಂತಿಮವಾಗಿ ಗಿರಿ 4,20,077, ರೆಡ್ಡಿ 4,05,427. ಸುಮಾರು 88 ಸಾವಿರದ ಅಂತರ 14,650ಕ್ಕೆ ಇಳಿದಿತ್ತು. ನಿಜಲಿಂಗಪ್ಪನವರ ಮಾತುಕತೆ ಫಲ ನೀಡಿತ್ತು; ಆದರೆ ಸಾಲಲಿಲ್ಲ. ಅಂದು ಒಬ್ಬ ಸಂಸದನ ಮತದ ಮೌಲ್ಯ 576. ಕೇವಲ 13 ಸಂಸದರು ಗಿರಿಯವರನ್ನು ಬಿಟ್ಟು ರೆಡ್ಡಿಯವರತ್ತ ಹೊರಳಿದ್ದರೆ ಇತಿಹಾಸವೇ ಬೇರೆಯಾಗುತ್ತಿತ್ತು. ಅದೇ ನವೆಂಬರ್‌ನಲ್ಲಿ ಕಾಂಗ್ರೆಸ್ ಇಬ್ಭಾಗವಾಯಿತು.

ಮತದಾನಕ್ಕೆ ಮುನ್ನ ರೆಡ್ಡಿಯವರ ಚಾರಿತ್ರ್ಯವಧೆ ಮಾಡುವ ಅನಾಮಧೇಯ ಕರಪತ್ರವೊಂದು ಸಂಸದರ ಕೈಸೇರಿತ್ತು. ಗಿರಿಯವರ ಆಯ್ಕೆಯನ್ನು ಪ್ರಶ್ನಿಸಿದ ಅರ್ಜಿಗಳ ವಿಚಾರಣೆಯಲ್ಲಿ ಹಾಲಿ ರಾಷ್ಟ್ರಪತಿಯವರೇ ಸುಪ್ರೀಂ ಕೋರ್ಟಿಗೆ ಬಂದು ಸಾಕ್ಷ್ಯ ನುಡಿದರು. 1970ರಲ್ಲಿ ಅರ್ಜಿಗಳು ವಜಾಗೊಂಡವು. ಸ್ಪೀಕರ್ ಸ್ಥಾನವನ್ನೂ ಬಿಟ್ಟುಕೊಟ್ಟಿದ್ದ ರೆಡ್ಡಿಯವರು ಅನಂತಪುರಕ್ಕೆ ಮರಳಿ ಬೇಸಾಯಕ್ಕೆ ತೊಡಗಿದರು. ಪಕ್ಷಾತೀತನಾಗಲು ಪಕ್ಷವನ್ನೇ ತೊರೆದಿದ್ದ ವ್ಯಕ್ತಿ, ಪಕ್ಷದ ಒಂದು ಬಣದ ಅಭ್ಯರ್ಥಿಯಾಗಿ ಸೋತದ್ದು ವಿಪರ್ಯಾಸವೇ ಸರಿ.

ತುರ್ತು ಪರಿಸ್ಥಿತಿಯ ನಂತರ ನಡೆದ 1977ರ ಚುನಾವಣೆಯಲ್ಲಿ ಅವರು ನಂದ್ಯಾಲದಿಂದ ಗೆದ್ದರು. ಆಂಧ್ರದ 42 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 41 ದಕ್ಕಿದವು. ಜನತಾ ಪಕ್ಷಕ್ಕೆ ದೊರೆತ ಏಕೈಕ ಸ್ಥಾನ ರೆಡ್ಡಿಯವರದು. ಮತ್ತೆ ಸ್ಪೀಕರ್ ಆದರು. ಫಕ್ರುದ್ದೀನ್ ಅಲಿ ಅಹಮದ್ ಅವರ ನಿಧನದಿಂದ ತೆರವಾಗಿದ್ದ ರಾಷ್ಟ್ರಪತಿ ಸ್ಥಾನವನ್ನು ಆಗ ಹಂಗಾಮಿಯಾಗಿ ನಿರ್ವಹಿಸುತ್ತಿದ್ದವರು ನಮ್ಮ ಬಿ.ಡಿ. ಜತ್ತಿ. ಪ್ರಧಾನಿ ಮೊರಾರ್ಜಿಯವರು ಮೊದಲು ಯೋಚಿಸಿದ್ದು ನೃತ್ಯ ಕಲಾವಿದೆ ರುಕ್ಮಿಣಿ ದೇವಿ ಅರುಂಡೇಲ್ ಅವರ ಹೆಸರನ್ನು, ಅವರು ಒಪ್ಪಲಿಲ್ಲ. ಕೊನೆಗೆ ಆಡಳಿತ ಪಕ್ಷವೂ ಪ್ರತಿಪಕ್ಷವಾಗಿದ್ದ ಕಾಂಗ್ರೆಸ್ಸೂ ರೆಡ್ಡಿಯವರನ್ನು ಒಪ್ಪಿದವು. ಸಲ್ಲಿಕೆಯಾದ 37 ನಾಮಪತ್ರಗಳಲ್ಲಿ 36 ತಿರಸ್ಕೃತವಾದವು. 2022ರವರೆಗೆ ನಡೆದ 16 ರಾಷ್ಟ್ರಪತಿ ಚುನಾವಣೆಗಳಲ್ಲಿ ಅವಿರೋಧ ಆಯ್ಕೆ ಅದೊಂದೇ.

ನಿಜವಾದ ಪರೀಕ್ಷೆ ಎದುರಾದದ್ದು ಎರಡು ವರ್ಷಗಳ ಬಳಿಕ. 1979ರ ಜುಲೈನಲ್ಲಿ ಜನತಾ ಪಕ್ಷ ಒಡೆದು ಮೊರಾರ್ಜಿ ರಾಜೀನಾಮೆ ನೀಡಿದರು. ಸರ್ಕಾರ ರಚಿಸುವ ವೈ.ಬಿ. ಚವಾಣ್ ಅವರ ಯತ್ನ ಕೈಗೂಡಲಿಲ್ಲ. ಮೊರಾರ್ಜಿ ಮತ್ತು ಚರಣ್ ಸಿಂಗ್ ಇಬ್ಬರಿಂದಲೂ ಬೆಂಬಲಿಗರ ಪಟ್ಟಿ ಪಡೆದ ರೆಡ್ಡಿಯವರು, ಸದನದಲ್ಲಿ ವಿಶ್ವಾಸಮತ ಪಡೆಯಬೇಕೆಂಬ ಸೂಚನೆಯೊಡನೆ ಚರಣ್ ಸಿಂಗ್ ಅವರನ್ನು ಪ್ರಧಾನಿಯಾಗಿ ನೇಮಿಸಿದರು. ಇಂದಿರಾ ಕಾಂಗ್ರೆಸ್ ಬೆಂಬಲ ಹಿಂಪಡೆಯಿತು. ಲೋಕಸಭೆಯನ್ನು ಎದುರಿಸದೆಯೇ ಆಗಸ್ಟ್ 20ರಂದು ಚರಣ್ ಸಿಂಗ್ ರಾಜೀನಾಮೆ ನೀಡಿ ಲೋಕಸಭೆಯ ವಿಸರ್ಜನೆಗೆ ಸಲಹೆ ಮಾಡಿದರು. ಜನತಾ ಪಕ್ಷದ ಹೊಸ ನಾಯಕರು ತಮಗೂ ಅವಕಾಶ ಬೇಕೆಂದು ಕೋರಿದರು. ಅವರು ಬೇರಾರೂ ಅಲ್ಲ, ಹತ್ತು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ರೆಡ್ಡಿಯವರ ಎದುರು ಹೆಸರು ಕೇಳಿಬಂದಿದ್ದ ಜಗಜೀವನ ರಾಂ. ರೆಡ್ಡಿಯವರು ಆಗಸ್ಟ್ 22ರಂದು ಲೋಕಸಭೆಯನ್ನು ವಿಸರ್ಜಿಸಿದರು.

ಆಗ ಪದವಿ ತರಗತಿಯಲ್ಲಿದ್ದ ನಾವೆಲ್ಲ ಇದನ್ನು ಹಳೆಯ ಹಗೆಯ ಫಲವೆಂದೇ ನಂಬಿದ್ದೆವು. ಇಂದು ನಾನು ಹಾಗೆ ಹೇಳಲಾರೆ, ಅದಕ್ಕೆ ಆಧಾರವಿಲ್ಲ. ಪಕ್ಷಾಂತರದ ಸಂತೆ ಇನ್ನಷ್ಟು ದಿನ ಮುಂದುವರಿಯುವುದಕ್ಕಿಂತ ಜನರ ಬಳಿಗೇ ಹೋಗುವುದು ಲೇಸೆಂಬ ವಾದದಲ್ಲೂ ತಿರುಳಿದೆ. ಉಸ್ತುವಾರಿ ಸರ್ಕಾರ ಹೊಸ ನೀತಿಗಳನ್ನೂ ದೊಡ್ಡ ವೆಚ್ಚದ ತೀರ್ಮಾನಗಳನ್ನೂ ಕೈಗೊಳ್ಳಬಾರದೆಂಬ ಕಟ್ಟುಪಾಡನ್ನು ಅವರು ಸ್ಪಷ್ಟಪಡಿಸಿದರು. ಚುನಾವಣಾ ಕಾಲದಲ್ಲಿ ಕಡತ ನೋಡಿದ ಯಾವ ಅಧಿಕಾರಿಗೂ ಅದರ ಬೆಲೆ ತಿಳಿದಿರುತ್ತದೆ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಸಂಪುಟದ ಸಲಹೆಯನ್ನು ಮರುಪರಿಶೀಲನೆಗೆ ಹಿಂದಿರುಗಿಸುವ ಅವಕಾಶವನ್ನು ರಾಷ್ಟ್ರಪತಿಗೆ ನೀಡಿದ 44ನೇ ತಿದ್ದುಪಡಿಗೆ ಅದೇ ಏಪ್ರಿಲ್‌ನಲ್ಲಿ ಅಂಕಿತ ಹಾಕಿದ್ದವರು ರೆಡ್ಡಿಯವರೇ. ಎರಡು ಬಾರಿ ಸ್ಪೀಕರ್ ಆಗಿದ್ದವರು, ಎಣಿಕೆಯನ್ನು ತಮ್ಮ ಕೊಠಡಿಯಲ್ಲಿ ಮುಗಿಸದೆ ಸದನಕ್ಕೇ ಏಕೆ ಬಿಡಲಿಲ್ಲ? ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲೇ ಎಂಬ ತತ್ವವನ್ನು ಸುಪ್ರೀಂ ಕೋರ್ಟ್ ಖಚಿತವಾಗಿ ಹೇಳಲು 1994ರವರೆಗೆ, ನಮ್ಮ ಎಸ್.ಆರ್. ಬೊಮ್ಮಾಯಿಯವರ ಪ್ರಕರಣದವರೆಗೆ, ಕಾಯಬೇಕಾಯಿತು. ರಾಜ್ಯ ಸರ್ಕಾರವೊಂದರ ಕುರಿತಾಗಿ ಬಂದ ತೀರ್ಪಾದರೂ ಅದರ ತತ್ವ 1979ಕ್ಕೂ ಅನ್ವಯಿಸಬಹುದಾದದ್ದು.

1980ರ ಜನವರಿ 14ರಂದು, ತಮ್ಮನ್ನು ಸೋಲಿಸಿದ್ದ ಇಂದಿರಾ ಗಾಂಧಿಯವರಿಗೆ ರೆಡ್ಡಿಯವರೇ ಪ್ರಮಾಣವಚನ ಬೋಧಿಸಿದರು. ಉಳಿದ ಎರಡೂವರೆ ವರ್ಷಗಳನ್ನು ಸಂವಿಧಾನದ ಚೌಕಟ್ಟಿನಲ್ಲೇ ಪೂರೈಸಿದರು. ವೈಯಕ್ತಿಕ ಕಹಿಯನ್ನು ಪೀಠದ ಹೊರಗಿಡುವುದು ಸುಲಭವಲ್ಲ. ಸರ್ಕಾರ ಬದಲಾದಾಗ ನಿನ್ನೆ ನಮ್ಮನ್ನು ವರ್ಗಾಯಿಸಿದವರ ಕೈಕೆಳಗೇ ದುಡಿದ ನಮ್ಮಂಥವರಿಗೆ ಅದರ ಅರಿವಿದೆ. 1982ರಲ್ಲಿ ಜೈಲ್ ಸಿಂಗ್ ಅವರಿಗೆ ಅಧಿಕಾರ ಒಪ್ಪಿಸಿ ರೆಡ್ಡಿಯವರು ಅನಂತಪುರದ ಹೊಲಕ್ಕೆ ಹಿಂದಿರುಗಿದರು.

1996ರ ಜೂನ್ 1ರಂದು ಅವರು ಬೆಂಗಳೂರಿನಲ್ಲಿ ಕೊನೆಯುಸಿರೆಳೆದರು. ಅವರ ಸಮಾಧಿ ಇಲ್ಲಿನ ಕಲ್ಪಳ್ಳಿ ಸ್ಮಶಾನದಲ್ಲಿದೆ. ಅದೇ ದಿನ ದೆಹಲಿಯಲ್ಲಿ ಹಲವು ಪಕ್ಷಗಳ ಸಂಯುಕ್ತ ರಂಗದ ನಾಯಕರಾಗಿ ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಅದಕ್ಕೆ ನಾಲ್ಕು ದಿನ ಮೊದಲು ಅಟಲ್ ಬಿಹಾರಿ ವಾಜಪೇಯಿಯವರು ಲೋಕಸಭೆಯನ್ನು ಎದುರಿಸಿ, ಬಹುಮತವಿಲ್ಲವೆಂದು ಅರಿತು ನಿರ್ಗಮಿಸಿದ್ದರು. 1979ರಲ್ಲಿ ಆಗದೆ ಉಳಿದದ್ದು 1996ರಲ್ಲಿ ಸದನದ ಎದುರೇ ನಡೆಯಿತು. ಮುಂದಿನ ಸಲ ರಾಷ್ಟ್ರಪತಿ ಅಭ್ಯರ್ಥಿಗಳ ಮತಮೌಲ್ಯವನ್ನು ಕೂಡಿ ಕಳೆಯುವಾಗ, ಯಾರಿಗೂ ಬಹುಮತವಿಲ್ಲದ ದಿನ ಬಂದರೆ ಈ ವ್ಯಕ್ತಿ ಎಣಿಕೆಯನ್ನು ಯಾರಿಗೆ ಬಿಟ್ಟಾರು ಎಂಬ ಪ್ರಶ್ನೆಯನ್ನೂ ನಾವು ಕೇಳಿಕೊಳ್ಳುವುದು ಒಳಿತು.