ಜೀನ್ ಪೆರಿನ್: ಅಣುಗಳನ್ನು ಎಣಿಸಿದವರು, ಮಾಸುವ ಬೆಳಕನ್ನು ಗಮನಿಸಿದವರು

ಪರಮಾಣುಗಳು ಮತ್ತು ಅಣುಗಳ ಬಗ್ಗೆ ಕಲಿಸುವಾಗ ಅವೊಗಾಡ್ರೊ ಸಂಖ್ಯೆ ಬರುತ್ತದೆ. ಈ ಹೆಸರು ಬಂದದ್ದು ಅವೊಗಾಡ್ರೊ ತೀರಿಕೊಂಡು ಐವತ್ತು ವರ್ಷಗಳಾದ ಮೇಲೆ. 1909ರಲ್ಲಿ ಹೆಸರಿಟ್ಟವರು ಫ್ರಾನ್ಸಿನ ವಿಜ್ಞಾನಿ ಜೀನ್ ಪೆರಿನ್. ವಿಜ್ಞಾನಿಗಳ ಪರಿಚಯ ಮಾಡಿಕೊಡುವಾಗ ನಾವು ಸಾಮಾನ್ಯವಾಗಿ ಅವರ ಗೆಲುವುಗಳನ್ನಷ್ಟೇ ಹೇಳುತ್ತೇವೆ. ಪೆರಿನ್ ಅವರ ವಿಷಯದಲ್ಲಿ, ಬಿದ್ದುಹೋದ ಒಂದು ಸಿದ್ಧಾಂತವನ್ನೂ ತರಗತಿಯಲ್ಲಿ ಹೇಳಬೇಕೆಂಬುದು ಈ ಲೇಖನದ ಉದ್ದೇಶ.

ಪೆರಿನ್ ಹುಟ್ಟಿದ್ದು 1870ರ ಸೆಪ್ಟೆಂಬರ್ 30ರಂದು, ಲೀಲ್ ನಗರದಲ್ಲಿ. ತಂದೆ ಸೈನ್ಯಾಧಿಕಾರಿ. ಓದಿದ್ದು ಪ್ಯಾರಿಸ್ಸಿನ ಎಕೋಲ್ ನಾರ್ಮಾಲ್‌ನಲ್ಲಿ. ಅದು ಶಿಕ್ಷಕರನ್ನು ತಯಾರು ಮಾಡಲೆಂದೇ ಆರಂಭವಾದ ಸಂಸ್ಥೆ. 1895ರಲ್ಲಿ, ಇನ್ನೂ ಇಪ್ಪತ್ತೈದರ ವಯಸ್ಸಿನಲ್ಲಿ, ಕ್ಯಾಥೋಡ್ ಕಿರಣಗಳು ಋಣ ವಿದ್ಯುದಂಶವನ್ನು ಒಯ್ಯುತ್ತವೆ ಎಂದು ಪ್ರಯೋಗದಿಂದ ತೋರಿಸಿದರು. ಬಳಿಕ ಸೋರ್ಬಾನ್ ವಿಶ್ವವಿದ್ಯಾಲಯದಲ್ಲಿ ಭೌತ ರಸಾಯನವಿಜ್ಞಾನ ಬೋಧಿಸಿದರು.

ಅಣು ನಿಜವಾಗಿ ಇದೆಯೇ, ಅಥವಾ ಲೆಕ್ಕಕ್ಕೆ ಅನುಕೂಲವಾದ ಕಲ್ಪನೆಯೇ ಎಂದು ಹೆಸರಾಂತ ವಿಜ್ಞಾನಿಗಳೇ ಸಂದೇಹಪಡುತ್ತಿದ್ದ ಕಾಲ ಅದು. ಪೆರಿನ್ ಗ್ಯಾಂಬೋಜ್ ಎಂಬ ಹಳದಿ ಅಂಟನ್ನು ತೆಗೆದುಕೊಂಡರು. ಇದನ್ನು ಕೊಡುವ ಮರ ನಮ್ಮ ಮುರುಗಲು, ಉಪ್ಪಾಗೆಗಳ ಕುಲಕ್ಕೇ ಸೇರಿದ್ದು. ಆ ಅಂಟಿನಿಂದ ಒಂದೇ ಗಾತ್ರದ ಸೂಕ್ಷ್ಮ ಕಣಗಳನ್ನು ಬೇರ್ಪಡಿಸಲು ತಿಂಗಳುಗಟ್ಟಲೆ ಹಿಡಿಯಿತು. ಅವುಗಳನ್ನು ನೀರಿನಲ್ಲಿ ತೇಲಿಸಿ, ಯಾವ ಎತ್ತರದಲ್ಲಿ ಎಷ್ಟು ಕಣಗಳಿವೆ ಎಂದು ಸೂಕ್ಷ್ಮದರ್ಶಕದಲ್ಲಿ ಎಣಿಸಿದರು. ಬೆಟ್ಟ ಹತ್ತಿದಂತೆ ಗಾಳಿ ತೆಳುವಾಗುವ ನಿಯಮದಲ್ಲೇ ಕಣಗಳೂ ಮೇಲೆ ಹೋದಂತೆ ವಿರಳವಾಗಿದ್ದವು. ಆ ಎಣಿಕೆಯಿಂದ ಅವೊಗಾಡ್ರೊ ಸಂಖ್ಯೆ ಸುಮಾರು 7×10²³ ಎಂದು ಸಿಕ್ಕಿತು. ಇಂದಿನ ಬೆಲೆ 6.022×10²³. 1926ರಲ್ಲಿ ಅವರಿಗೆ ಭೌತವಿಜ್ಞಾನದ ನೊಬೆಲ್ ಬಹುಮಾನ ಬಂತು.

ಇನ್ನು ಸೋತ ಸಿದ್ಧಾಂತದ ವಿಷಯ. ಕೆಲವು ಬಣ್ಣಗಳು ಒಂದು ಬೆಳಕನ್ನು ಹೀರಿ ಬೇರೆ ಬಣ್ಣದ ಬೆಳಕನ್ನು ಹೊರಸೂಸುತ್ತವೆ. ಇದೇ ಪ್ರತಿದೀಪ್ತಿ. ಇಂತಹ ದ್ರಾವಣದ ತೆಳು ಪದರದ ಮೇಲೆ ತೀವ್ರ ಬೆಳಕು ಬಿಟ್ಟಾಗ ಹೊಳಪು ಕ್ರಮೇಣ ಮಾಸುವುದನ್ನು ಪೆರಿನ್ ಗಮನಿಸಿದರು. 1918ರಲ್ಲಿ ಅವರು ಮಂಡಿಸಿದ ವಿವರಣೆ ಹೀಗಿತ್ತು: ಪ್ರತಿ ಅಣುವೂ ತಾನು ನಾಶವಾಗುವ ಕ್ಷಣದಲ್ಲಿ ಬೆಳಕು ಕೊಡುತ್ತದೆ, ಆದ್ದರಿಂದ ಹೊಳಪಿಗೆ ನಾಶವೇ ಕಾರಣ.

ಅವರು ಕಂಡದ್ದು ಸರಿ, ಕಾರಣ ಮಾತ್ರ ಸರಿಯಲ್ಲ. ಅಣು ಬೆಳಕನ್ನು ಹೀರಿ ಉದ್ರಿಕ್ತ ಸ್ಥಿತಿಗೆ ಏರುತ್ತದೆ, ಬೆಳಕು ಕೊಟ್ಟು ಇಳಿಯುತ್ತದೆ, ಮತ್ತೆ ಏರುತ್ತದೆ. ಒಳ್ಳೆಯ ಬಣ್ಣದ ಒಂದು ಅಣು ಹೀಗೆ ಲಕ್ಷಗಟ್ಟಲೆ ಫೋಟಾನ್‌ಗಳನ್ನು ಕೊಡಬಲ್ಲದು. ಎಲ್ಲೋ ಒಮ್ಮೆ ಅದು ಹೆಚ್ಚು ಹೊತ್ತು ಉಳಿಯುವ ಇನ್ನೊಂದು ಉದ್ರಿಕ್ತ ಸ್ಥಿತಿಗೆ ಜಾರಿ, ಹತ್ತಿರದ ಆಮ್ಲಜನಕದೊಡನೆ ವರ್ತಿಸಿ, ರಚನೆ ಕೆಟ್ಟು ಶಾಶ್ವತವಾಗಿ ಆರಿಹೋಗುತ್ತದೆ. ಇದನ್ನು ಇಂದು ಫೋಟೋಬ್ಲೀಚಿಂಗ್ ಎನ್ನುತ್ತಾರೆ. ಪ್ರತಿದೀಪ್ತಿಯ ಸರಿಯಾದ ಸಿದ್ಧಾಂತವನ್ನು ಬೆಳೆಸಿದವರಲ್ಲಿ ಪೆರಿನ್ ಅವರ ಮಗ ಫ್ರಾನ್ಸಿಸ್ ಅವರೂ ಒಬ್ಬರು.

1990ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ಮಿಶೆಲ್ ಓರಿ ಮತ್ತು ಜಾಕಿ ಬರ್ನಾರ್ ಒಂದೇ ಒಂದು ಅಣುವಿನ ಪ್ರತಿದೀಪ್ತಿಯನ್ನು ದಾಖಲಿಸಿದರು. ಇಂದಿನ ಏಕಾಣು ಪ್ರಯೋಗಗಳಲ್ಲಿ ಫೋಟೋಬ್ಲೀಚಿಂಗ್ ದೊಡ್ಡ ತೊಡಕು. ಅದನ್ನು ತಡೆಯಲು ದ್ರಾವಣದಿಂದ ಆಮ್ಲಜನಕವನ್ನು ತೆಗೆಯುತ್ತಾರೆ. ಅದೇ ತೊಡಕು ಪುರಾವೆಯೂ ಹೌದು. ಅನೇಕ ಅಣುಗಳ ಹೊಳಪು ನಿಧಾನವಾಗಿ ಮಾಸುತ್ತದೆ, ಒಂದೇ ಅಣುವಾದರೆ ಒಮ್ಮೆಗೇ ಆರುತ್ತದೆ. ಎರಡು ಅಣುಗಳಿದ್ದರೆ ನಕ್ಷೆಯಲ್ಲಿ ಎರಡು ಮೆಟ್ಟಿಲು ಇಳಿಯುತ್ತದೆ. ಮೆಟ್ಟಿಲು ಎಣಿಸಿದರೆ ಅಣುಗಳನ್ನು ಎಣಿಸಿದಂತೆ. ಪೆರಿನ್ ತಪ್ಪಾಗಿ ಅರ್ಥೈಸಿದ ಘಟನೆಯೇ ಅವರಿಗೆ ಬೇಕಾಗಿದ್ದ ಎಣಿಕೆಗೆ ಸಾಧನವಾಯಿತು.

ಪೆರಿನ್ ಸರ್ಕಾರದಲ್ಲಿ ಸಂಶೋಧನೆಯ ಹೊಣೆ ಹೊತ್ತರು. 1937ರಲ್ಲಿ ಜನಸಾಮಾನ್ಯರಿಗಾಗಿ ಪ್ಯಾರಿಸ್ಸಿನಲ್ಲಿ ತೆರೆದ ವಿಜ್ಞಾನ ಸಂಗ್ರಹಾಲಯದ ಹಿಂದೆಯೂ ಅವರಿದ್ದರು. ಜರ್ಮನಿ ಫ್ರಾನ್ಸನ್ನು ಆಕ್ರಮಿಸಿದ ಬಳಿಕ ಅಮೆರಿಕಕ್ಕೆ ಹೋಗಿ, 1942ರ ಏಪ್ರಿಲ್ 17ರಂದು ನ್ಯೂಯಾರ್ಕಿನಲ್ಲಿ ನಿಧನರಾದರು. 1948ರಲ್ಲಿ ಅವರ ಅವಶೇಷಗಳನ್ನು ತಾಯ್ನಾಡಿಗೆ ತಂದು ಪ್ಯಾಂಥಿಯನ್‌ನಲ್ಲಿ ಇರಿಸಲಾಯಿತು.

ಅಭ್ಯಾಸ ಬೋಧನೆಗೆ ಒಂದು ಚಟುವಟಿಕೆ: ಬಿಳಿ ಹಾಳೆಯ ಮೇಲೆ ಹಳದಿ ಹೈಲೈಟರ್ ಬಳಿದು, ಅರ್ಧ ಭಾಗವನ್ನು ದಪ್ಪ ಕಪ್ಪು ಕಾಗದದಿಂದ ಮುಚ್ಚಿ, ಬಿಸಿಲು ಬೀಳುವ ಕಿಟಕಿಯಲ್ಲಿ ಒಂದೆರಡು ವಾರ ಇಡಿ. ಬಳಿಕ ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚಿನಲ್ಲಿ ಎರಡೂ ಭಾಗಗಳನ್ನು ತೋರಿಸಿ. ಟಾರ್ಚು ಯಾರ ಕಣ್ಣಿಗೂ ಬೀಳದಿರಲಿ. ಮಕ್ಕಳು ‘ಕಂಡದ್ದು’, ‘ಕಾರಣವೆಂದು ಊಹಿಸಿದ್ದು’ ಎಂಬ ಎರಡು ಕಾಲಂಗಳಲ್ಲಿ ಬರೆಯಲಿ. ಎರಡನೆಯ ಕಾಲಂ ತಪ್ಪಾದ ಮಗುವಿನ ಮೊದಲನೆಯ ಕಾಲಂಗೂ ನಾವು ಕೆಂಪು ಗೀಟು ಎಳೆದರೆ, 1918ರ ಪೆರಿನ್ ಅವರಿಗೂ ನಾವು ಸೊನ್ನೆ ಅಂಕವನ್ನೇ ಕೊಡಬೇಕಾಗುತ್ತದೆ.