ಬಿಡಿಭಾಗದ ಬೆಲೆ ತಿಳಿದಿದ್ದ ಹೆನ್ರಿ ಫೋರ್ಡ್

ಕಳೆದ ರಜೆಯಲ್ಲಿ ಅಬ್ಬನ ಗೂಡ್ಸ್ ಆಟೋ ಹನ್ನೊಂದು ದಿನ ಗ್ಯಾರೇಜಿನಲ್ಲೇ ನಿಂತಿತ್ತು. ಗೇರ್ ಬಾಕ್ಸಿನ ಒಂದು ಹಲ್ಲುಚಕ್ರ ಸವೆದಿತ್ತು. ಆ ಮಾಡೆಲ್ ನಿಂತುಹೋಗಿದೆ, ಪಾರ್ಟ್ಸ್ ಬರುವುದಿಲ್ಲ ಎಂದು ಅಂಗಡಿಯವರು ಕೈಚೆಲ್ಲಿದರು. ಕೊನೆಗೆ ಗುಜರಿಯಲ್ಲಿ ಸಿಕ್ಕಿತು. ಅಷ್ಟು ದಿನ ಮನೆಯಲ್ಲಿ ಸಂಪಾದನೆ ಇರಲಿಲ್ಲ. ಆಗಲೇ ನಾನು ಹೆನ್ರಿ ಫೋರ್ಡ್ ಅವರ ಬದುಕಿನ ಬಗ್ಗೆ ಓದಿದ್ದು.

ಫೋರ್ಡ್ ಹುಟ್ಟಿದ್ದು 1863ರ ಜುಲೈ 30ರಂದು, ಅಮೆರಿಕದ ಮಿಷಿಗನ್ ರಾಜ್ಯದ ರೈತ ಕುಟುಂಬದಲ್ಲಿ. ಹುಡುಗನಾಗಿದ್ದಾಗಲೇ ನೆರೆಹೊರೆಯವರ ಗಡಿಯಾರ ಬಿಚ್ಚಿ ರಿಪೇರಿ ಮಾಡುತ್ತಿದ್ದರು. 16ನೇ ವಯಸ್ಸಿನಲ್ಲಿ, ಅಂದರೆ ನಮ್ಮ ವಯಸ್ಸಿನಲ್ಲಿ, ಹೊಲ ಬಿಟ್ಟು ಡೆಟ್ರಾಯಿಟ್ ನಗರಕ್ಕೆ ಯಂತ್ರದ ಕೆಲಸ ಕಲಿಯಲು ಹೋದರು. 1896ರಲ್ಲಿ ತಮ್ಮ ಮೊದಲ ಮೋಟಾರು ಗಾಡಿ ಓಡಿಸಿದರು. ಅವರ ಮೊದಲ ಕಂಪನಿ ಮುಚ್ಚಿಹೋಯಿತು. 1903ರಲ್ಲಿ ಫೋರ್ಡ್ ಮೋಟಾರ್ ಕಂಪನಿ ಆರಂಭವಾಯಿತು.

1908ರಲ್ಲಿ ಮಾಡೆಲ್ ಟಿ ಕಾರು ಬಂತು. ಅಂದಿನ ಅನೇಕ ಕಾರುಗಳಲ್ಲಿ ಹೊಸ ಭಾಗವನ್ನು ಅರದಿಂದ ಉಜ್ಜಿ ಕೂರಿಸಬೇಕಿತ್ತು. ಫೋರ್ಡ್ ಪ್ರತಿ ಭಾಗವನ್ನೂ ಒಂದೇ ಅಳತೆಯಲ್ಲಿ ಮಾಡಿಸಿದರು. ಬಂದೂಕು ತಯಾರಕರು ಮೊದಲೇ ಬಳಸಿದ್ದ ಈ ಉಪಾಯವನ್ನು ಅವರು ಸಾಮಾನ್ಯರ ಕಾರಿಗೆ ತಂದರು. ಇಂಜಿನ್ನಿನ ಮೇಲ್ಭಾಗ ಬಿಚ್ಚಲು ಬರುತ್ತಿದ್ದರಿಂದ ಹಳ್ಳಿಯ ರೈತರೂ ರಿಪೇರಿ ಮಾಡಿಕೊಳ್ಳುತ್ತಿದ್ದರು. ಮಾರಾಟಗಾರರ ಬಳಿ ಬಿಡಿಭಾಗಗಳು ಸಿಗುತ್ತಿದ್ದವು.

19 ವರ್ಷ ಅದೇ ಮಾಡೆಲ್ ಮಾಡಿದ್ದರಿಂದ ಹಳೆಯ ಕಾರಿಗೂ ಪಾರ್ಟ್ಸ್ ಕಷ್ಟವಾಗಲಿಲ್ಲ. ಆದರೆ ಅದೇ ಹಟ ಅವರಿಗೆ ಮುಳುವಾಯಿತು. ಜನ ಹೊಸ ಸೌಕರ್ಯದ ಕಾರು ಕೇಳಿದರು, ಮಾರಾಟ ಇಳಿಯಿತು. ಒಂದೂವರೆ ಕೋಟಿ ಕಾರುಗಳ ನಂತರ 1927ರಲ್ಲಿ ಮಾಡೆಲ್ ಟಿ ನಿಂತಿತು. ಆದರೂ ಅದರ ಇಂಜಿನ್ ತಯಾರಿಕೆ 1941ರವರೆಗೆ ನಡೆಯಿತು!

ಅವರ ಎಲ್ಲವೂ ಮೆಚ್ಚುವಂಥದ್ದಲ್ಲ. ತಮ್ಮ ಪತ್ರಿಕೆಯಲ್ಲಿ ಯಹೂದಿಗಳ ಮೇಲೆ ದ್ವೇಷ ಹರಡಿದ್ದು ದೊಡ್ಡ ಕಳಂಕ. 1947ರ ಏಪ್ರಿಲ್ 7ರಂದು ಅವರು ತೀರಿಕೊಂಡರು.

ಅಬ್ಬನ ಆಟೋ ಈಗ ಓಡುತ್ತಿದೆ. ಮುಂದಿನ ಗಾಡಿ ಕೊಳ್ಳುವಾಗ ಮೈಲೇಜ್ ಜೊತೆಗೆ ಇನ್ನೊಂದನ್ನೂ ಕೇಳಲು ಅಬ್ಬನಿಗೆ ಹೇಳಿದ್ದೇನೆ: ಹತ್ತು ವರ್ಷದ ನಂತರ ಇದರ ಪಾರ್ಟ್ಸ್ ಸಿಗುತ್ತದೆಯೇ? ನಮ್ಮಲ್ಲಿ ಇಂಜಿನಿಯರ್ ಆಗುವವರೂ ಇದನ್ನು ಮರೆಯದಿರಲಿ.