ಟಿ. ಎಂ. ಎ. ಪೈ

ಡಾ. ತೋನ್ಸೆ ಮಾಧವ ಅನಂತ ಪೈ (ಏಪ್ರಿಲ್ 30, 1898 – ಮೇ 29, 1979) ಅವರು ವೈದ್ಯರು, ಶಿಕ್ಷಣ ತಜ್ಞರು, ಸಿಂಡಿಕೇಟ್ ಬ್ಯಾಂಕಿನ ಸ್ಥಾಪಕರಲ್ಲಿ ಒಬ್ಬರು ಹಾಗೂ ಇಂದಿನ ಮಣಿಪಾಲದ ನಿರ್ಮಾತೃ. 1953ರಲ್ಲಿ ಅವರು ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ವಿದ್ಯಾರ್ಥಿಗಳ ಶುಲ್ಕವನ್ನು ಆಧರಿಸಿ ನಡೆಯುವ ದೇಶದ ಮೊದಲ ಖಾಸಗಿ ವೈದ್ಯಕೀಯ ಕಾಲೇಜು ಇದೆಂದು ಪರಿಗಣಿಸಲಾಗಿದೆ. ಅವರು ಆರಂಭಿಸಿದ ಶಿಕ್ಷಣ ಪರಂಪರೆಯಿಂದ ಬೆಳೆದ ಸಂಸ್ಥೆಗಳಲ್ಲಿ ಇಂದು ಗರ್ಭಕಂಠದ ಕ್ಯಾನ್ಸರಿನ ಕುರಿತ ಸಂಶೋಧನೆಯೂ ನಡೆಯುತ್ತಿದೆ.

ಜನನ ಮತ್ತು ವಿದ್ಯಾಭ್ಯಾಸ

ಪೈ ಅವರು ಉಡುಪಿಯ ಸಮೀಪ ಸ್ವರ್ಣಾ ನದಿಯ ದಡದಲ್ಲಿರುವ ಕಲ್ಯಾಣಪುರದಲ್ಲಿ ಜನಿಸಿದರು. ಆಗ ಈ ಪ್ರದೇಶವು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಜಿಲ್ಲೆಯಲ್ಲಿ ವೈದ್ಯಕೀಯ ಕಾಲೇಜು ಇಲ್ಲದಿದ್ದುದರಿಂದ ಅವರು ಮದ್ರಾಸಿಗೆ ತೆರಳಿ, ಮದ್ರಾಸ್ ವೈದ್ಯಕೀಯ ಕಾಲೇಜಿನಲ್ಲಿ ವ್ಯಾಸಂಗ ಮಾಡಿದರು. ಪದವಿ ಪಡೆದ ನಂತರ ಊರಿಗೆ ಮರಳಿ ವೈದ್ಯವೃತ್ತಿಯನ್ನು ಆರಂಭಿಸಿದರು.

ಬ್ಯಾಂಕಿಂಗ್ ಕ್ಷೇತ್ರ

1925ರಲ್ಲಿ ಪೈ ಅವರು ತಮ್ಮ ಅಣ್ಣ ಉಪೇಂದ್ರ ಅನಂತ ಪೈ ಮತ್ತು ವಾಮನ ಶ್ರೀನಿವಾಸ ಕುಡ್ವ ಅವರೊಂದಿಗೆ ಸೇರಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಸಂಸ್ಥೆಯನ್ನು ಸ್ಥಾಪಿಸಿದರು. ಸಂಕಷ್ಟದಲ್ಲಿದ್ದ ಕೈಮಗ್ಗ ನೇಕಾರರಿಗೆ ನೆರವಾಗುವುದು ಇದರ ಉದ್ದೇಶವಾಗಿತ್ತು. ಆರಂಭಿಕ ಬಂಡವಾಳ 8,000 ರೂಪಾಯಿ. 1928ರಲ್ಲಿ ಸಂಸ್ಥೆಯು ಪಿಗ್ಮಿ ಠೇವಣಿ ಯೋಜನೆಯನ್ನು ಜಾರಿಗೆ ತಂದಿತು. ಬ್ಯಾಂಕಿನ ಪ್ರತಿನಿಧಿಗಳು ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂಬ ಹೆಸರು ಪಡೆದ ಈ ಸಂಸ್ಥೆಯು 1969ರಲ್ಲಿ ರಾಷ್ಟ್ರೀಕರಣಗೊಂಡು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.

ಶಿಕ್ಷಣ ಕ್ಷೇತ್ರ

ಪೈ ಅವರು 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸಂಸ್ಥೆಯನ್ನು ಸ್ಥಾಪಿಸಿದರು. ಉಡುಪಿಯ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜು (1949) ಮತ್ತು ಕಾರ್ಕಳದ ಶ್ರೀ ಭುವನೇಂದ್ರ ಕಾಲೇಜು (1960) ಈ ಸಂಸ್ಥೆಯ ಆಶ್ರಯದಲ್ಲಿ ಬೆಳೆದವು.

ವೈದ್ಯಕೀಯ ಕಾಲೇಜು ಆರಂಭವಾದಾಗ ಮಣಿಪಾಲವು ಉಡುಪಿಯ ಪೂರ್ವಕ್ಕಿರುವ ಬೋಳುಗುಡ್ಡವಾಗಿತ್ತು. ವೈದ್ಯ ವಿದ್ಯಾರ್ಥಿಗಳಿಗೆ ಪಾಠದ ಕೊಠಡಿಯಷ್ಟೇ ಸಾಲದು, ರೋಗಿಗಳಿರುವ ದೊಡ್ಡ ಆಸ್ಪತ್ರೆಯೂ ಬೇಕು. ಈ ಕೊರತೆಯನ್ನು ನೀಗಿಸಲು ಮೊದಲ ವರ್ಷಗಳ ಪಾಠವನ್ನು ಮಣಿಪಾಲದಲ್ಲಿ ನಡೆಸಿ, ಚಿಕಿತ್ಸಾ ತರಬೇತಿಯನ್ನು ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆ ಹಾಗೂ ಮಹಿಳೆಯರ ಲೇಡಿ ಗೋಷನ್ ಆಸ್ಪತ್ರೆಗಳಲ್ಲಿ ನೀಡುವ ವ್ಯವಸ್ಥೆ ಮಾಡಲಾಯಿತು. ಬಳಿಕ ಮಣಿಪಾಲದಲ್ಲಿಯೇ ಕಸ್ತೂರ್ಬಾ ಆಸ್ಪತ್ರೆ ತಲೆಯೆತ್ತಿತು. ಇಂಜಿನಿಯರಿಂಗ್, ಔಷಧ ವಿಜ್ಞಾನ ಮತ್ತು ದಂತ ವೈದ್ಯಕೀಯ ಕಾಲೇಜುಗಳೂ ಪೈ ಅವರ ಜೀವಿತಾವಧಿಯಲ್ಲಿಯೇ ಆರಂಭವಾದವು.

ಶುಲ್ಕದ ಪ್ರಶ್ನೆ

ಸರ್ಕಾರದ ಅನುದಾನವಿಲ್ಲದೆ ವಿದ್ಯಾರ್ಥಿಗಳ ಶುಲ್ಕದಿಂದ ಕಾಲೇಜು ನಡೆಸುವ ಮಾದರಿಯನ್ನು ಮುಂದೆ ರಾಜ್ಯದ ಅನೇಕ ಸಂಸ್ಥೆಗಳು ಅನುಸರಿಸಿದವು. ಇದರಿಂದ ವೈದ್ಯರ ಸಂಖ್ಯೆ ಹೆಚ್ಚಿತಾದರೂ, ಹಣವುಳ್ಳವರಿಗೆ ಮಾತ್ರ ಸೀಟು ದೊರೆಯುತ್ತದೆ ಎಂಬ ಟೀಕೆಯೂ ಕೇಳಿಬಂದಿತು. ಕರ್ನಾಟಕ ಸರ್ಕಾರವು 1984ರಲ್ಲಿ ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುವ ಕಾಯ್ದೆಯನ್ನು ತಂದಿತು. ಪೈ ಅವರ ಹೆಸರಿನ ಪ್ರತಿಷ್ಠಾನವು ಕರ್ನಾಟಕ ರಾಜ್ಯದ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಾಧೀಶರ ಪೀಠವು 2002ರಲ್ಲಿ ತೀರ್ಪು ನೀಡಿತು. ಖಾಸಗಿ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಎತ್ತಿಹಿಡಿದ ಈ ತೀರ್ಪು, ಲಾಭಕೋರತನ ಮತ್ತು ಕ್ಯಾಪಿಟೇಶನ್ ಶುಲ್ಕಕ್ಕೆ ಅವಕಾಶವಿಲ್ಲ ಎಂದೂ ಹೇಳಿತು.

ಗರ್ಭಕಂಠದ ಕ್ಯಾನ್ಸರ್ ಮತ್ತು ಮಣಿಪಾಲ

ಭಾರತೀಯ ಮಹಿಳೆಯರಲ್ಲಿ ಸ್ತನ ಕ್ಯಾನ್ಸರಿನ ನಂತರ ಅತಿ ಹೆಚ್ಚಾಗಿ ಕಂಡುಬರುವುದು ಗರ್ಭಕಂಠದ ಕ್ಯಾನ್ಸರ್. ಪೈ ಅವರು ನಿಧನರಾದಾಗ ಇದಕ್ಕೆ ಕಾರಣವಾದ ವೈರಾಣು ಯಾವುದೆಂದು ಖಚಿತವಾಗಿರಲಿಲ್ಲ. ಜರ್ಮನಿಯ ವಿಜ್ಞಾನಿ ಹರಾಲ್ಡ್ ತ್ಸುರ್ ಹೌಸೆನ್ ಅವರ ತಂಡವು 1983ರಲ್ಲಿ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿಯ 16ನೇ ಬಗೆಯನ್ನೂ ಮರುವರ್ಷ 18ನೇ ಬಗೆಯನ್ನೂ ಈ ಕ್ಯಾನ್ಸರಿನಲ್ಲಿ ಗುರುತಿಸಿತು. ಜಗತ್ತಿನಲ್ಲಿ ಈ ಕ್ಯಾನ್ಸರಿನ ಸುಮಾರು ಶೇ. 70ರಷ್ಟು ಪ್ರಕರಣಗಳಿಗೆ ಇವೆರಡೇ ಕಾರಣ.

ಬಹುಪಾಲು ಸೋಂಕುಗಳು ಒಂದೆರಡು ವರ್ಷಗಳಲ್ಲಿ ತಾವಾಗಿಯೇ ಗುಣವಾಗುತ್ತವೆ. ಉಳಿದುಕೊಂಡ ಸೋಂಕು ಕ್ಯಾನ್ಸರ್ ಪೂರ್ವಸ್ಥಿತಿಯನ್ನು ಉಂಟುಮಾಡಿ, ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 10ಕ್ಕೂ ಹೆಚ್ಚು ವರ್ಷಗಳು ಬೇಕು. ಈ ಅವಧಿಯಲ್ಲಿ ಸಾಮಾನ್ಯವಾಗಿ ಯಾವ ಲಕ್ಷಣವೂ ಕಾಣುವುದಿಲ್ಲ. ಪ್ಯಾಪ್ ಪರೀಕ್ಷೆ ಮತ್ತು ಎಚ್‌ಪಿವಿ ಪರೀಕ್ಷೆಗಳು ಅಪಾಯವನ್ನು ಸೂಚಿಸುತ್ತವೆಯಾದರೂ, ಯಾರಲ್ಲಿ ರೋಗ ಮುಂದುವರಿಯುತ್ತದೆ ಎಂಬುದನ್ನು ಪೂರ್ಣವಾಗಿ ಹೇಳಲಾರವು. ಎಲ್ಲರಿಗೂ ಚಿಕಿತ್ಸೆ ನೀಡುವುದೂ ಸರಿಯಲ್ಲ. ಗರ್ಭಕಂಠದ ಭಾಗವನ್ನು ಕತ್ತರಿಸಿ ತೆಗೆದರೆ ಮುಂದಿನ ಗರ್ಭಧಾರಣೆಯಲ್ಲಿ ಅವಧಿಪೂರ್ವ ಹೆರಿಗೆಯ ಸಾಧ್ಯತೆ ಹೆಚ್ಚಬಹುದು. ಆದ್ದರಿಂದ ಜೀವಕೋಶಗಳಲ್ಲಿನ ಪಿ16 ಮತ್ತು ಕೆಐ-67 ಪ್ರೋಟೀನುಗಳು ಹಾಗೂ ಡಿಎನ್‌ಎಯ ಮಿಥೈಲೀಕರಣದಂತಹ ಜೈವಿಕ ಸೂಚಕಗಳ ಆಧಾರದಲ್ಲಿ, ಯಾರಿಗೆ ಕೂಡಲೇ ಚಿಕಿತ್ಸೆ ಬೇಕು, ಯಾರನ್ನು ನಿಗಾದಲ್ಲಿಟ್ಟರೆ ಸಾಕು ಎಂಬುದನ್ನು ನಿರ್ಧರಿಸುವ ಪ್ರಯತ್ನಗಳು ನಡೆದಿವೆ. ಗರ್ಭಕಂಠದ ಕ್ಯಾನ್ಸರಿನಲ್ಲಿ ಡಿಎನ್‌ಎ ಮಿಥೈಲೀಕರಣದ ಪಾತ್ರವನ್ನು ಮಣಿಪಾಲದ ಜೀವವಿಜ್ಞಾನ ವಿಭಾಗದ ಸಂಶೋಧಕರೂ ಅಧ್ಯಯನ ಮಾಡಿದ್ದಾರೆ.

ಇಂತಹ ಪರೀಕ್ಷೆಗಳಿಗೆ ಪ್ರಯೋಗಾಲಯ ಮತ್ತು ತಜ್ಞರು ಬೇಕು. ಫಲಿತಾಂಶ ಬಂದ ಮೇಲೆ ಚಿಕಿತ್ಸೆಯೂ ಕೈಗೆಟಕುವಂತಿರಬೇಕು. ಕಡಲತೀರದ ಕಾಪು ಮತ್ತು ಘಟ್ಟದ ಕಡೆಗಿರುವ ಕಾರ್ಕಳದಂತಹ ಊರುಗಳಿಗೆ ಮಣಿಪಾಲವು ಹತ್ತಿರದ ಪ್ರಮುಖ ವೈದ್ಯಕೀಯ ಕೇಂದ್ರವಾಗಿದೆ. ಕಾರ್ಕಳದಲ್ಲಿ ಪೈ ಅವರ ಹೆಸರಿನ ರೋಟರಿ ಆಸ್ಪತ್ರೆಯೂ, ಉಡುಪಿಯಲ್ಲಿ ಡಾ. ಟಿ. ಎಂ. ಎ. ಪೈ ಆಸ್ಪತ್ರೆಯೂ ಇವೆ.

ಗೌರವ ಮತ್ತು ನಿಧನ

ಭಾರತ ಸರ್ಕಾರವು 1972ರಲ್ಲಿ ಪೈ ಅವರಿಗೆ ಪದ್ಮಶ್ರೀ ಪ್ರಶಸ್ತಿ ನೀಡಿ ಗೌರವಿಸಿತು. ಅವರು 1979ರ ಮೇ 29ರಂದು ತಮ್ಮ 81ನೆಯ ವಯಸ್ಸಿನಲ್ಲಿ ನಿಧನರಾದರು. ಅನಂತರ ಅವರ ಪುತ್ರ ಡಾ. ರಾಮದಾಸ್ ಪೈ ಸಂಸ್ಥೆಗಳ ನೇತೃತ್ವ ವಹಿಸಿದರು. 1993ರಲ್ಲಿ ಮಣಿಪಾಲದ ಉನ್ನತ ಶಿಕ್ಷಣ ಅಕಾಡೆಮಿಯು ಪರಿಗಣಿತ ವಿಶ್ವವಿದ್ಯಾಲಯದ ಮಾನ್ಯತೆ ಪಡೆಯಿತು. 1999ರಲ್ಲಿ ಅಂಚೆ ಇಲಾಖೆಯು ಪೈ ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು.